ಬಿಸುಟ ವಸ್ತು, ಹೊಸ ದ್ರವ್ಯ

ಅಮೆರಿಕದ ಅಲಬಾಮ ರಾಜ್ಯದ ಹೇಲ್ ಕೌಂಟಿಯಲ್ಲಿ, ಆಬರ್ನ್ ವಿಶ್ವವಿದ್ಯಾಲಯದ ವಾಸ್ತುಶಿಲ್ಪ ವಿದ್ಯಾರ್ಥಿಗಳಿಗಾಗಿ ಸ್ಯಾಮ್ಯುಯೆಲ್ ಮಾಕ್‌ಬಿ ಮತ್ತು ಡಿ. ಕೆ. ರೂತ್ 1993ರಲ್ಲಿ ಆರಂಭಿಸಿದ ‘ರೂರಲ್ ಸ್ಟುಡಿಯೋ’, ನಕ್ಷೆ ಬರೆದವರೇ ಕಟ್ಟಡವನ್ನೂ ಕಟ್ಟಬೇಕೆಂಬ ಕ್ರಮದಿಂದ ಹೆಸರಾಯಿತು. 1995ರಲ್ಲಿ ಅದರ ವಿದ್ಯಾರ್ಥಿಗಳು ಸುಮಾರು 1,000 ಹಳೆಯ ಟೈರುಗಳೊಳಗೆ ಮಣ್ಣು ತುಂಬಿ, ದಮ್ಮಸು ಮಾಡಿ, ಮೇಲೆ ಗಾರೆ ಬಳಿದು ಒಂದು ಪ್ರಾರ್ಥನಾಮಂದಿರವನ್ನು ಎಬ್ಬಿಸಿದರು. 2000ದಲ್ಲಿ ಮೇಸನ್ಸ್ ಬೆಂಡ್ ಎಂಬಲ್ಲಿನ ಸಮುದಾಯ ಭವನಕ್ಕೆ ಗುಜರಿ ಸೇರಿದ್ದ ಷೆವ್ರೊಲೆ ಕಾರುಗಳ ಮುಂಗಾಜುಗಳನ್ನು ಹೆಂಚು ಹೊದಿಸುವ ರೀತಿಯಲ್ಲಿ ಹೊದಿಸಿದರು. ಒಮ್ಮೆ ಬಿಸುಟದ್ದರಿಂದ ಕಟ್ಟಿದ ಮಂದಿರಕ್ಕೆ ಆ ಬಿಸುಟತನ ಅಂಟಿಕೊಂಡೇ ಇರುತ್ತದೆಯೇ?

ಈ ಪ್ರಶ್ನೆಗೆ ಭಾರತೀಯ ದರ್ಶನಗಳ ಎರಡು ವಾದಗಳು ನೆರವಾಗುತ್ತವೆ. ಕಾರ್ಯವು, ಎಂದರೆ ಉಂಟಾಗುವ ವಸ್ತುವು, ತನ್ನ ಉಪಾದಾನಕಾರಣದಲ್ಲಿ, ಎಂದರೆ ಯಾವ ವಸ್ತುವಿನಿಂದ ಅದು ಆಗುತ್ತದೋ ಅದರಲ್ಲಿ, ಅವ್ಯಕ್ತವಾಗಿ ಮೊದಲೇ ಇರುತ್ತದೆ ಎನ್ನುವುದು ಸಾಂಖ್ಯರ ಸತ್ಕಾರ್ಯವಾದ. ಎಳೆಗಳು ಕೂಡಿದಾಗ ಹುಟ್ಟುವ ಬಟ್ಟೆಯು ಹಿಂದೆ ಇಲ್ಲದಿದ್ದ ಹೊಸ ದ್ರವ್ಯವೇ ಎನ್ನುವುದು ನ್ಯಾಯ-ವೈಶೇಷಿಕರ ಆರಂಭವಾದ. ಉರುಳುವುದಕ್ಕೆಂದು ಆದ ಟೈರಿನಲ್ಲಿ ನಿಲ್ಲುವ ಗೋಡೆ ಅಡಗಿತ್ತೆನ್ನುವುದು ಕಷ್ಟವಾದ್ದರಿಂದ ಇಲ್ಲಿ ವೈಶೇಷಿಕರ ಮಾತೇ ಹೆಚ್ಚು ಒಪ್ಪುತ್ತದೆ. ಆದರೆ ಕಾರಣದ ಗುಣಗಳಿಂದಲೇ ಕಾರ್ಯದ ಗುಣಗಳು ಬರುತ್ತವೆ, ಎಳೆ ಕೆಂಪಾದರೆ ಬಟ್ಟೆಯೂ ಕೆಂಪು, ಎಂದೂ ಅವರೇ ಹೇಳುವುದರಿಂದ ತೊಡಕು ಅಷ್ಟಕ್ಕೇ ಬಿಡುವುದಿಲ್ಲ. ಸ್ಟುಡಿಯೋದವರು 2002ರಲ್ಲಿ 72,000 ಕಾರ್ಪೆಟ್ ತುಂಡುಗಳನ್ನು ಒತ್ತಾಗಿ ಪೇರಿಸಿ ಒಂದು ಮನೆಯ ಗೋಡೆಗಳನ್ನು ಕಟ್ಟಿದಾಗ, ಅವುಗಳಿಂದ ಹೊರಡುವ ರಾಸಾಯನಿಕ ಆವಿ ಕಳೆಯಲೆಂದು ವರ್ಷಗಟ್ಟಲೆ ದಾಸ್ತಾನಿನಲ್ಲಿದ್ದ ತುಂಡುಗಳನ್ನೇ ಆರಿಸಿದ್ದರು. ಆ ಆವಿ ವಸ್ತುವಿನಲ್ಲೇ ಇರುವ ಗುಣ, ಮನೆಗೂ ಬರಬಹುದಾದದ್ದು. ತ್ಯಾಜ್ಯತೆ ಹಾಗಲ್ಲ, ಅದು ಒಡೆಯನು ಬೇಡವೆಂದದ್ದರಿಂದ ವಸ್ತುವಿನ ಮೇಲೆ ಬಂದು ಕೂತ ಉಪಾಧಿ, ಅಂದರೆ ಹೊರಗಿನಿಂದ ಆರೋಪಿತವಾದ ವಿಶೇಷಣ, ಮಾತ್ರ. ಎರಡರ ವ್ಯತ್ಯಾಸವನ್ನು ವಿದ್ಯಾರ್ಥಿಯು ಕೈಯಿಂದಲೇ ಕಲಿಯುತ್ತಾನೆಂಬುದು ಈ ಶಿಕ್ಷಣದ ನಿಜವಾದ ಹಿರಿಮೆ, ಅದರ ಸುಂದರ ಛಾಯಾಚಿತ್ರಗಳಲ್ಲ.

ಆದರೆ ಉಪಾಧಿಯನ್ನು ಹೇರುವವರು ಮನುಷ್ಯರೇ ಆದ್ದರಿಂದ ಅದನ್ನು ಮತ್ತೆ ಹೇರಲೂ ಅವರಿಗೆ ಸಾಧ್ಯ. ಉಳ್ಳವರು ಎಸೆದದ್ದು ಸದಾ ಇಲ್ಲದವರ ಗೋಡೆಯಾಗುತ್ತಿದ್ದರೆ, ಟೈರಿನಿಂದ ಕಳಚಿದ ತ್ಯಾಜ್ಯತೆ ಮನೆಯವರಿಗೆ ತಗಲುತ್ತದೆ. ಬಡವರಿಗೂ ಸಿರಿವಂತರಷ್ಟೇ ಸೌಂದರ್ಯದ ಹಕ್ಕಿದೆಯೆಂದು 2001ರಲ್ಲಿ ತೀರಿಕೊಂಡ ಮಾಕ್‌ಬಿ ದೃಢವಾಗಿ ನಂಬಿದ್ದರು. ಆ ನಂಬಿಕೆ ಪ್ರಾಮಾಣಿಕವಾದದ್ದಾದರೂ ಇಲ್ಲಿ ಸಾಲದು, ಏಕೆಂದರೆ ಪ್ರಯೋಗ ಮಾಡಿದವನು ಪದವಿ ಪಡೆದು ಹೊರಡುತ್ತಾನೆ, ಕಾರ್ಪೆಟ್ ಗೋಡೆ ಕೆಟ್ಟರೆ ರಿಪೇರಿಗೆ ಊರಿನ ಯಾವ ಮೇಸ್ತ್ರಿಯನ್ನು ಕರೆಯುವುದೆಂಬ ಚಿಂತೆ ಒಳಗಿರುವವರದು. ಮನುಷ್ಯನನ್ನು ಬರಿಯ ಸಾಧನವಾಗಿ ಬಳಸಬಾರದೆಂಬ ತತ್ತ್ವಜ್ಞಾನಿ ಕಾಂಟ್‌ನ ನಿಯಮವನ್ನು ಒಪ್ಪಿದರೆ, ‘ನಮಗಿದು ಬೇಡ’ ಎನ್ನುವ ಅಧಿಕಾರ ನಿವಾಸಿಗೆ ಇತ್ತೇ ಎಂಬುದನ್ನು ಗೋಡೆಯ ಗಟ್ಟಿತನಕ್ಕಿಂತ ಮೊದಲು ಕೇಳಬೇಕಾಗುತ್ತದೆ.

ಮಾಕ್‌ಬಿ ಅವರ ನಂತರ ಆಂಡ್ರ್ಯೂ ಫ್ರಿಯರ್ ಅವರ ನೇತೃತ್ವದಲ್ಲಿ 2005ರಿಂದ ನಡೆದ ‘20ಕೆ’ ಮನೆಗಳ ಯೋಜನೆ ಮಾಮೂಲಿ ಮರ ಮತ್ತು ತಗಡಿನ ಕಡೆಗೆ ತಿರುಗಿತು. ಸಾಮಗ್ರಿ ಮತ್ತು ಕೂಲಿ ಸೇರಿ 20,000 ಡಾಲರೆಂಬ ಗುರಿಯನ್ನು, ಸರ್ಕಾರದ ಸಾಮಾಜಿಕ ಭದ್ರತಾ ಪಿಂಚಣಿಯಿಂದ ಬದುಕುವವರು ಎಷ್ಟು ಗೃಹಸಾಲ ತೀರಿಸಬಲ್ಲರೆಂಬ ಲೆಕ್ಕದಿಂದ ಪಡೆಯಲಾಯಿತು. ಹೀಗೆ ನಿವಾಸಿಯನ್ನು ದಾನ ಪಡೆಯುವವನಾಗಿ ಅಲ್ಲ, ಬೇಡವೆನ್ನಬಲ್ಲ ಗ್ರಾಹಕನಾಗಿ ಭಾವಿಸಲಾಯಿತು. ಆದರೂ ವಿದ್ಯಾರ್ಥಿಗಳು ಕಟ್ಟಿದ ಮೊದಮೊದಲ ಮನೆಗಳು ದಾನವಾಗಿಯೇ ಹೋದವು.