ಔಷಧದಾನವೂ ಪ್ರಮಾದವೂ

ಆಹಾರ, ಅಭಯ, ಔಷಧ, ಶಾಸ್ತ್ರಗಳೆಂಬ ಚತುರ್ವಿಧ ದಾನಗಳನ್ನು ಶ್ರಾವಕರಾದ ನಾವೆಲ್ಲರೂ ಬಲ್ಲೆವು. ಆದರೆ ಮನೆಯ ಹಿರಿಯರಿಗೆ ಗುಳಿಗೆ ತಂದು ಕೈಗಿತ್ತ ಮಾತ್ರಕ್ಕೆ ಔಷಧದಾನ ಪೂರ್ಣವಾಯಿತೆ? ಇದು ವಿಚಾರಣೀಯ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ವೃದ್ಧರು ಮಧುಮೇಹಕ್ಕೆ ಊರಿನ ವೈದ್ಯರಲ್ಲಿಯೂ ಹೃದಯದ ಬೇನೆಗೆ ಬೆಳಗಾವಿ ಇಲ್ಲವೆ ಧಾರವಾಡದಲ್ಲಿಯೂ ತೋರಿಸುವುದುಂಟು. ಹೀಗೆ ಎರಡು ಚೀಟಿಗಳಾದಾಗ ಒಂದೇ ಔಷಧ ಎರಡು ಕಂಪನಿಗಳ ಹೆಸರಿನಲ್ಲಿ ಬಂದು ದುಪ್ಪಟ್ಟಾಗಿ ದೇಹವನ್ನು ಸೇರಬಹುದು. ವಯಸ್ಸಾದಂತೆ ಮೂತ್ರಪಿಂಡಗಳ ಶಕ್ತಿ ಕುಂದುವುದರಿಂದ ಅನೇಕ ಔಷಧಗಳು ದೇಹದಲ್ಲಿ ಹೆಚ್ಚು ಕಾಲ ಉಳಿಯುತ್ತವೆ.

ನಮ್ಮ ಮನೆಗಳಲ್ಲಿ ಇದಕ್ಕಿಂತ ಸೂಕ್ಷ್ಮವಾದ ಸಂಗತಿಯೊಂದಿದೆ. ದಶಲಕ್ಷಣ ಪರ್ವದಲ್ಲಿ ಹಿರಿಯರು ಉಪವಾಸ, ಏಕಾಶನಗಳನ್ನು ಕೈಕೊಳ್ಳುತ್ತಾರೆ. ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್‌ಗಳಂಥ ಗುಳಿಗೆಗಳು ಊಟವಿಲ್ಲದಾಗಲೂ ಇನ್ಸುಲಿನ್ನನ್ನು ಹೊರಡಿಸುತ್ತಲೇ ಇರುತ್ತವೆ. ಆಗ ರಕ್ತದ ಸಕ್ಕರೆ ಕುಸಿದು ಬೆವರು, ನಡುಕ, ಗಲಿಬಿಲಿ ಉಂಟಾಗಿ ಪ್ರಜ್ಞೆಯೂ ತಪ್ಪಬಹುದು. ವೈದ್ಯರು ವ್ರತ ಬೇಡವೆಂದಾರೆಂಬ ಅಂಜಿಕೆಯಿಂದ ಹಿರಿಯರು ಹೇಳುವುದಿಲ್ಲ. ಅವರ ಮನ ನೋಯಬಾರದೆಂದು ಮಕ್ಕಳೂ ಸುಮ್ಮನಿರುತ್ತಾರೆ.

ಇಲ್ಲಿ ದೋಷ ವ್ರತದ್ದೋ, ಔಷಧದ್ದೋ? ಎರಡರದೂ ಅಲ್ಲ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಗೆ ಪ್ರಮಾದವನ್ನು ಜೋಡಿಸಿದ್ದಾರೆ. ತಿಳಿಯಬಹುದಾದುದನ್ನು ತಿಳಿಯದೆ ಗುಳಿಗೆ ಕೊಡುವುದು ಪ್ರಮಾದವೇ. ಪ್ರೀತಿಯಿಂದ ಕೊಟ್ಟೆವೆಂಬುದರಿಂದ ಅದು ಅಪ್ರಮಾದವಾಗದು. ಷೋಡಶ ಭಾವನೆಗಳಲ್ಲಿ ತ್ಯಾಗ, ತಪಸ್ಸುಗಳೆರಡನ್ನೂ ಶಕ್ತಿಗೆ ತಕ್ಕಂತೆಯೇ ವಿಧಿಸಲಾಗಿದೆ. ದೇಹದ ಶಕ್ತಿಯನ್ನು ಅರಿಯುವುದು ವ್ರತಕ್ಕೆ ಕುಂದಲ್ಲ, ವ್ರತದ ಅಂಗ.

ಹಾಗೆಂದು ತಾಯಿಯ ವ್ರತವನ್ನು ಬಲವಂತವಾಗಿ ತಡೆಯುವ ಅಧಿಕಾರ ಮಗನಿಗಿಲ್ಲ. ಅವಳಿಗೆ ತಿಳಿಯದಂತೆ ಗುಳಿಗೆಯನ್ನು ಆಹಾರದಲ್ಲಿ ಬೆರೆಸುವುದಂತೂ ಅಸತ್ಯಾಚರಣೆ. ಪರ್ವಕ್ಕೆ ಮೊದಲೇ ಎಲ್ಲ ಗುಳಿಗೆಗಳೊಡನೆ ತಾಯಿಯನ್ನು ವೈದ್ಯರಲ್ಲಿಗೆ ಕರೆದೊಯ್ದು, ವ್ರತದ ನಿಯಮವನ್ನು ಮುಚ್ಚಿಡದೆ ತಿಳಿಸುವುದೇ ಅವನ ಕರ್ತವ್ಯ. ಯಾವುದನ್ನು ಬಿಡಬೇಕು, ಯಾವುದನ್ನು ಕಡಿಮೆ ಮಾಡಬೇಕು ಎಂಬುದನ್ನು ವೈದ್ಯರೇ ನಿರ್ಧರಿಸಲಿ. ತಾವಾಗಿ ನಿಲ್ಲಿಸುವುದೂ ಅಪಾಯವೇ. ಉಪವಾಸ ಸಾಧ್ಯವಿಲ್ಲವೆಂದರೆ ರಸಪರಿತ್ಯಾಗವಿದೆ, ಸ್ವಾಧ್ಯಾಯವಿದೆ. ವ್ರತದ ನಡುವೆ ನಡುಕ, ಬೆವರು ಕಂಡರೆ ತಡಮಾಡದೆ ಸಕ್ಕರೆ ನೀರು ಕೊಡಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ಬಸದಿಗಳ ವಿಶ್ವಸ್ತ ಮಂಡಳಿಗಳು ಭಾದ್ರಪದಕ್ಕೆ ಮುನ್ನ ಒಂದು ದಿನ ವೈದ್ಯರನ್ನು ಕರೆಸಿ ಹಿರಿಯರ ಗುಳಿಗೆಗಳನ್ನು ಪರಿಶೀಲಿಸುವ ಏರ್ಪಾಡು ಮಾಡಬಹುದು. ಅದಕ್ಕೆ ಹೆಚ್ಚು ಹಣ ಬೇಡ, ಎಚ್ಚರ ಬೇಕು. ಆ ಎಚ್ಚರ ಕೂಡಿದಾಗಲೇ ಔಷಧದಾನವು ಅಹಿಂಸೆಯಾಗುತ್ತದೆ.