ಬಾಲ್ಯದ ಪೀಡನೆ ಮತ್ತು ದಶಪ್ರಾಣಗಳು

ನೀರನ್ನು ಸೋಸಿ ಕುಡಿಯುವ, ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ಮನೆತನದ ಬಾಲಕನೊಬ್ಬನು ಶಾಲೆಯಲ್ಲಿ ತೊದಲುವ ಸಹಪಾಠಿಯನ್ನು ದಿನವೂ ಅಣಕಿಸುತ್ತಿದ್ದರೆ, ಆ ಮನೆಯಲ್ಲಿ ಅಹಿಂಸಾಣುವ್ರತದ ಪಾಲನೆಯಾಗುತ್ತಿದೆಯೆಂದು ಹೇಳಬಹುದೇ? ಮಕ್ಕಳಾಟವೆಂದು ಈ ಪ್ರಶ್ನೆಯನ್ನು ತಳ್ಳಿಹಾಕುವವರೇ ಹೆಚ್ಚು. ಶಾಸ್ತ್ರವು ಅದಕ್ಕೆ ಅವಕಾಶ ಕೊಡುವುದಿಲ್ಲ.

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ, ಪ್ರಮಾದಯುಕ್ತವಾದ ಮನ-ವಚನ-ಕಾಯಗಳ ವ್ಯಾಪಾರದಿಂದ ಪ್ರಾಣಗಳಿಗೆ ಒದಗುವ ಘಾತವೇ ಹಿಂಸೆಯೆಂದು ನಿರೂಪಿಸಿದ್ದಾರೆ. ಇಲ್ಲಿ ಪ್ರಾಣವೆಂದರೆ ಉಸಿರು ಮಾತ್ರವಲ್ಲ. ಐದು ಇಂದ್ರಿಯಗಳು, ಮನೋಬಲ, ವಚನಬಲ, ಕಾಯಬಲ, ಶ್ವಾಸೋಚ್ಛ್ವಾಸ, ಆಯುಷ್ಯ ಎಂಬ ಹತ್ತೂ ಮನುಷ್ಯನ ಪ್ರಾಣಗಳೇ. ಪಾಠಶಾಲೆಯ ಮಕ್ಕಳು ಈ ಪಟ್ಟಿಯನ್ನು ಬಾಯಿಪಾಠವಾಗಿ ಒಪ್ಪಿಸುತ್ತಾರೆ. ಆದರೆ ವಚನಬಲಕ್ಕೆ ಘಾತವಾಗುವುದೆಂದರೇನೆಂದು ಕೇಳಿದರೆ ಹಿರಿಯರೂ ತಡವರಿಸುವರು. ತೊದಲುವ ಹುಡುಗನು ಉತ್ತರ ಬಲ್ಲವನಾಗಿದ್ದೂ ನಗೆಗೆ ಅಂಜಿ ಬಾಯಿ ಬಿಡದೆ ಕುಳಿತಾಗ ಆದದ್ದು ಅದೇ. ಅವನ ಮೈಮೇಲೆ ಒಂದು ಗೀರೂ ಇರುವುದಿಲ್ಲ. ಹತ್ತರಲ್ಲಿ ಎರಡು ಪ್ರಾಣಗಳು ಗಾಯಗೊಂಡಿರುತ್ತವೆ.

ಇಂತಹ ಮಗುವಿನ ಅಂತರಂಗದಲ್ಲಿ ನಡೆಯುವುದನ್ನು ಮನಶ್ಶಾಸ್ತ್ರಜ್ಞರು ಬಹುಕಾಲದಿಂದ ಗಮನಿಸಿದ್ದಾರೆ. ಮೊದಲು ಕಾಣುವುದು ಭಯ. ರಜೆ ಮುಗಿದ ಬೆಳಿಗ್ಗೆಯೇ ಹೊಟ್ಟೆನೋವು, ರಾತ್ರಿ ನಿದ್ರಾಭಂಗ, ಪಾಠದಲ್ಲಿ ಅನ್ಯಮನಸ್ಕತೆ. ಬಳಿಕ ಲಜ್ಜೆ. ಮನೆಯಲ್ಲಿ ಹೇಳಿಕೊಂಡರೆ “ನೀನೇನು ಮಾಡಿದ್ದೆ?” ಎಂಬ ಪ್ರಶ್ನೆಯೇ ಮೊದಲು ಬರುವುದೆಂದು ಮಗು ಬಲ್ಲದು, ಆದುದರಿಂದ ಮೌನ ತಾಳುತ್ತದೆ. ಕೊನೆಗೆ ತನ್ನಲ್ಲಿಯೇ ದೋಷವಿದೆಯೆಂಬ ನಿಶ್ಚಯ ಮೂಡುತ್ತದೆ. ಇತರರು ಇಟ್ಟ ಅಡ್ಡಹೆಸರೇ ತಾನೆಂದು ಅದು ಒಪ್ಪಿಕೊಳ್ಳುತ್ತದೆ. ಶರೀರವನ್ನೇ ಆತ್ಮವೆಂದು ಬಗೆಯುವವನನ್ನು ಶಾಸ್ತ್ರಕಾರರು ಬಹಿರಾತ್ಮನೆಂದರು. ‘ಕುಂಟ’, ‘ಡುಮ್ಮ’, ‘ಕರಿಯ’ ಎಂಬ ಕೂಗುಗಳು ಎಳೆಯ ಜೀವವನ್ನು ಬಲವಂತವಾಗಿ ಆ ಸ್ಥಿತಿಗೆ ತಳ್ಳುತ್ತವೆ.

ಬೆಳೆದಂತೆ ಇದೆಲ್ಲ ಮರೆತುಹೋಗುವುದೆಂಬ ಸಮಾಧಾನಕ್ಕೂ ಆಧಾರವಿಲ್ಲ. ಬ್ರಿಟನ್ನಿನಲ್ಲಿ 1958ರ ಮಾರ್ಚಿಯ ಒಂದೇ ವಾರದಲ್ಲಿ ಜನಿಸಿದ ಮಕ್ಕಳ ಬದುಕನ್ನು ದಶಕಗಳ ಕಾಲ ಅನುಸರಿಸಲಾಗಿದೆ. ಅವರಲ್ಲಿ 7,771 ಮಂದಿಯ ಬಗ್ಗೆ, ಅವರು 7 ಮತ್ತು 11 ವರ್ಷದವರಾಗಿದ್ದಾಗ ಇತರ ಮಕ್ಕಳಿಂದ ಪೀಡನೆಗೊಳಗಾಗಿದ್ದರೇ ಎಂದು ತಂದೆತಾಯಿಗಳಿಂದ ತಿಳಿದುಕೊಂಡಿದ್ದರು. ನೂರಕ್ಕೆ ಸುಮಾರು 28 ಮಂದಿ ಕೆಲವೊಮ್ಮೆ, 15 ಮಂದಿ ಪದೇಪದೇ ಪೀಡಿತರಾಗಿದ್ದರು. 2014ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಪದೇಪದೇ ಪೀಡಿತರಾದವರಲ್ಲಿ 45ನೆಯ ವಯಸ್ಸಿನಲ್ಲಿಯೂ ಖಿನ್ನತೆ, ಆತಂಕ ಮತ್ತು ಆತ್ಮಹತ್ಯೆಯ ಆಲೋಚನೆ ಇತರರಿಗಿಂತ ಹೆಚ್ಚಾಗಿದ್ದವು. ಮನೆಯ ಬಡತನವನ್ನೂ ಮಗುವಿನ ಬುದ್ಧಿಮಟ್ಟವನ್ನೂ ಲೆಕ್ಕಕ್ಕೆ ಹಿಡಿದ ಮೇಲೂ ಈ ವ್ಯತ್ಯಾಸ ಉಳಿಯಿತು. ವ್ಯಾಪಾರಸ್ಥರಿಗೆ ಇದು ಅಪರಿಚಿತವಾದ ರೀತಿಯಲ್ಲ. ಕಿರ್ದಿಯಲ್ಲಿ ಒಂದು ದಿನ ಬರೆದ ಸಣ್ಣ ಮೊತ್ತ ಖಾತೆಗೆ ಏರಿ, ವರ್ಷವರ್ಷವೂ ಮುಂದಕ್ಕೆ ಸಾಗುತ್ತದೆ. ಬರೆದವನು ಮರೆತಿರುತ್ತಾನೆ, ಖಾತೆ ಮರೆಯುವುದಿಲ್ಲ.

“ತಮಾಷೆಗೆ ಅಂದದ್ದು” ಎಂಬುದು ಪೀಡಿಸಿದವರ ಮೊದಲ ಉತ್ತರ. ಜೈನ ಕರ್ಮಸಿದ್ಧಾಂತದಲ್ಲಿ ಹಾಸ್ಯವೇ ಒಂದು ನೋಕಷಾಯ, ಚಾರಿತ್ರಮೋಹನೀಯದ ಭೇದ. ಅದೇ ಒಂಬತ್ತು ನೋಕಷಾಯಗಳಲ್ಲಿ ಅರತಿ, ಶೋಕ, ಭಯ, ಜುಗುಪ್ಸೆಗಳೂ ಸೇರಿವೆ. ಒಬ್ಬನ ಹಾಸ್ಯವು ಇನ್ನೊಬ್ಬನಲ್ಲಿ ಈ ನಾಲ್ಕನ್ನೂ ಎಬ್ಬಿಸುವುದಾದರೆ ಅದನ್ನು ವಿನೋದವೆನ್ನುವುದು ಹೇಗೆ? ಗೆಳೆಯರ ನಡುವಿನ ಸರಸವೆಲ್ಲ ಪೀಡನೆಯಲ್ಲ, ನಿಜ. ಈ ವಿಷಯದ ಅಧ್ಯಯನಕ್ಕೆ 1970ರ ದಶಕದಲ್ಲಿ ತಳಹದಿ ಹಾಕಿದ ಡಾನ್ ಓಲ್ವಿಯಸ್ ಎಂಬ ವಿದ್ವಾಂಸರು ಮೂರು ಗುರುತುಗಳನ್ನು ಹೇಳಿದರು: ನೋಯಿಸುವ ಉದ್ದೇಶ, ಪುನರಾವೃತ್ತಿ, ಬಲದ ಅಸಮಾನತೆ. ಸುತ್ತ ನಿಂತು ನಗುವವರು ತಾವು ಏನೂ ಮಾಡಲಿಲ್ಲವೆಂದುಕೊಳ್ಳುತ್ತಾರೆ. ಕೃತ, ಕಾರಿತ, ಅನುಮೋದಿತ ಎಂಬ ಮೂರೂ ಆಸ್ರವಕ್ಕೆ ಕಾರಣವೆಂದು ತಿಳಿದವರ ಮಕ್ಕಳು ಹೀಗೆ ಭಾವಿಸುವುದು ವಿಚಿತ್ರ.

ಇನ್ನೊಂದು ಉತ್ತರ ಹಿರಿಯರದು: “ಮಾಡಿದ್ದುಣ್ಣೋ ಮಹಾರಾಯ, ಅದು ಆ ಮಗುವಿನ ಪೂರ್ವಕರ್ಮ.” ಇದು ಸಿದ್ಧಾಂತದ ಅರ್ಧವನ್ನು ನುಂಗಿದ ಮಾತು. ಪೀಡಿತನ ಅಸಾತಾವೇದನೀಯವು ಉದಯಕ್ಕೆ ಬಂದಿರಬಹುದು. ಆದರೆ ಇತರರಿಗೆ ದುಃಖ, ಶೋಕ, ತಾಪ, ಆಕ್ರಂದನಗಳನ್ನು ಉಂಟುಮಾಡುವವನಿಗೆ ಅದೇ ಅಸಾತಾವೇದನೀಯದ ಆಸ್ರವವೆಂದು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯ ಹೇಳುತ್ತದೆ. ಅಲ್ಲದೆ, ಜ್ವರ ಬಂದ ಮಗುವನ್ನು ಕರ್ಮೋದಯವೆಂದು ಯಾರೂ ಔಷಧವಿಲ್ಲದೆ ಮಲಗಿಸುವುದಿಲ್ಲ.

ಪಾರ್ಶ್ವನಾಥ ಸ್ವಾಮಿಯಂತೆ ಸಹಿಸಿಕೊಳ್ಳಬೇಕೆಂಬ ಉಪದೇಶವೂ ಉಂಟು. ಮರುಭೂತಿಯ ಭವದಿಂದ ಕಮಠನ ವೈರವನ್ನು ಜನ್ಮಜನ್ಮಾಂತರಗಳಲ್ಲಿ ಎದುರಿಸಿದ ಮಹಾಪುರುಷನಿಗೆ ಕೊನೆಯ ಭವದಲ್ಲಿ ಸಿದ್ಧಿಸಿದ ಸಮಭಾವವನ್ನು ಏಳು ವರ್ಷದ ಮಗುವಿನಿಂದ ಅಪೇಕ್ಷಿಸುವುದು ನ್ಯಾಯವಲ್ಲ. ಮೇಲಾಗಿ, ಆ ಉಪಸರ್ಗದ ವೇಳೆ ಧರಣೇಂದ್ರನು ಸ್ವಾಮಿಯ ಸಹನೆಯನ್ನು ಹೊಗಳುತ್ತ ದೂರ ನಿಲ್ಲಲಿಲ್ಲ; ಹೆಡೆ ಬಿಚ್ಚಿ ಮೇಲೆ ಹಿಡಿದನು. ಹುಂಚದಲ್ಲಿಯೂ ನಾಡಿನ ಎಷ್ಟೋ ಬಸದಿಗಳಲ್ಲಿಯೂ ಆ ಹೆಡೆಯ ನೆರಳಿನ ಬಿಂಬಕ್ಕೆ ದಿನವೂ ಅಭಿಷೇಕ ನಡೆಯುತ್ತದೆ. ಸಹಿಸೆಂದು ಮಗುವಿಗೆ ಹೇಳುವವರು ಆ ಕಥೆಯಲ್ಲಿ ತಮ್ಮ ಪಾತ್ರ ಯಾವುದೆಂದು ನೋಡಿಕೊಳ್ಳಬೇಕಾಗುತ್ತದೆ.

ಸಮ್ಯಗ್ದರ್ಶನದ ಅಷ್ಟಾಂಗಗಳಲ್ಲಿ ಸ್ಥಿತಿಕರಣವೂ ಒಂದು. ಧರ್ಮದಿಂದ ಜಾರುತ್ತಿರುವವನನ್ನು ಎತ್ತಿ ನಿಲ್ಲಿಸುವುದೆಂದು ಅದರ ಅರ್ಥ. ತನ್ನ ಮೇಲೆ ತನಗೇ ನಂಬಿಕೆ ಕಳೆದುಕೊಂಡ ಮಗುವಿಗೂ ಅದು ಸಲ್ಲಬೇಕು. ಬಸದಿಗಳ ಆಡಳಿತ ಮಂಡಳಿಗಳು ರಜೆಯ ಶಿಬಿರಗಳಿಗೆ ಆಹಾರದಾನ, ಶಾಸ್ತ್ರದಾನಗಳನ್ನು ಧಾರಾಳವಾಗಿ ಏರ್ಪಡಿಸುತ್ತವೆ. ನಾಲ್ಕು ದಾನಗಳಲ್ಲಿ ಸೇರಿದ ಅಭಯದಾನಕ್ಕೆ ಅಲ್ಲಿ ಹಣವೇ ಬೇಡ: ಮಕ್ಕಳು ಗುಟ್ಟಾಗಿ ಮಾತಾಡಬಹುದಾದ ಒಬ್ಬ ತಾಳ್ಮೆಯ ಶ್ರಾವಕಿ ಅಥವಾ ಶ್ರಾವಕರಿದ್ದರೆ ಸಾಕು. ಹತ್ತು ಜನರ ಮುಂದೆ ನಿಲ್ಲಿಸಿ ವಿಚಾರಿಸಿದರೆ ಮಗು ಇನ್ನಷ್ಟು ಮುದುಡುವುದು.

ಕ್ಷಮಾವಾಣಿಯ ದಿನ ಇಬ್ಬರು ಮಕ್ಕಳನ್ನೂ ಕರೆದು ಕೈಜೋಡಿಸಿ “ಎಲ್ಲ ಮುಗಿಯಿತು” ಎನ್ನುವ ರೂಢಿಯೂ ತಿದ್ದುಪಡಿಗೆ ಅರ್ಹ. ನೊಂದವನ ಬಾಯಿಂದ ಬಲವಂತವಾಗಿ ಹೊರಡಿಸಿದ ಕ್ಷಮೆ ಅವನ ವಚನಬಲಕ್ಕೆ ಎರಡನೆಯ ಪೆಟ್ಟು. ಮೊದಲು ಹೋಗಬೇಕಾದವನು ನೋಯಿಸಿದವನು, ನೊಂದವನ ಮನೆಯ ಬಾಗಿಲಿಗೆ. ನೋಡಿಯೂ ಸುಮ್ಮನಿದ್ದ ಹಿರಿಯರು ಅವನ ಜೊತೆಗೆ. ಕ್ಷಮಿಸುವುದು ಅಂದೇ ಆಗಬೇಕೆಂದಿಲ್ಲ.