ಮಂಚದ ಕೆಳಗಿನ ಬೂಟು



ಧಮ್ಮ ಬಂಧುಗಳೇ, ಇಂದಿನ ಚಿಂತನೆ ಬರೆಯುವ ಸರದಿ ನನ್ನದು. ಮೆತ್ತಾ, ಕರುಣಾ ಆಯಿತು, ಮುದಿತಾ ಬಗ್ಗೆ ನೀವು ಬರೆಯಿರಿ ಎಂದು ಹೇಳಿದ್ದರು. ಪುಸ್ತಕ ನೋಡಿ ಬರೆಯಬಹುದಿತ್ತು. ಆದರೆ ಏಪ್ರಿಲ್ 14ರ ಓಟದ ದಿನದಿಂದ ಒಂದು ಸಂಗತಿ ಮನಸ್ಸಿನಲ್ಲಿ ಕೂತಿದೆ. ಅದನ್ನೇ ಬರೆಯುತ್ತೇನೆ.

ಬಾಬಾಸಾಹೇಬರ ಜಯಂತಿಗೆ ನಮ್ಮ ಓಣಿಯ ಹುಡುಗರು ಓಟ ಇಟ್ಟಿದ್ದರು. ಕಲಬುರಗಿಯ ಏಪ್ರಿಲ್ ಬಿಸಿಲು ನಿಮಗೆ ಗೊತ್ತೇ ಇದೆ. ಹಾಗಾಗಿ ಬೆಳಿಗ್ಗೆ 5.45ಕ್ಕೇ ತ್ರಿಶರಣ, ಪಂಚಶೀಲ ಹೇಳಿ ನೀಲಿ ಬಾವುಟ ಬೀಸಿದರು. ಒಟ್ಟು 5 ಕಿಲೋಮೀಟರ್. ಎರಡೂವರೆ ಹೋಗಿ, ಅದೇ ರಸ್ತೆಯಲ್ಲಿ ತಿರುಗಿ ಬರುವುದು. ನಮ್ಮ ಮನೆಯಿಂದ ನಾನು, ಯಜಮಾನರು, ಮಗಳು, ಅತ್ತೆ. ಅತ್ತೆ ಮೊದಲ ತಿರುವಿನವರೆಗೆ ನಡೆದು, ಯಾರದೋ ಕಟ್ಟೆಯ ಮೇಲೆ ಕೂತು ಬಂದವರಿಗೆಲ್ಲ ಹುರುಪು ಕೊಟ್ಟರು. ಯಜಮಾನರು ಒಂದು ಕಿಲೋಮೀಟರ್ ಆದ ಮೇಲೆ ಫೋನ್ ಬಂತೆಂದು ನಿಂತರು. ಫೋನ್ ಬಂದಿರಲಿಲ್ಲ.

ನನ್ನ ಜೊತೆ ಓಡಿದವಳು ಹಿಂದಿನ ಓಣಿಯ ಗೆಳತಿ. ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಾಳೆ. ನನಗಿಂತ ಚಿಕ್ಕವಳು, ಅಕ್ಕ ಎನ್ನುತ್ತಾಳೆ. ಅವಳ ಮಗಳೂ ನನ್ನ ಮಗಳೂ ಒಂದೇ ತರಗತಿ. ಓಟದಲ್ಲಿ ಪೈಪೋಟಿ ಇದ್ದದ್ದು ಇವರಿಬ್ಬರದೇ. ನನ್ನ ಮಗಳು ಎರಡು ತಿಂಗಳು ಮೈದಾನಕ್ಕೆ ಹೋಗಿದ್ದಳು, 2,800 ರೂಪಾಯಿಯ ಹೊಸ ಬೂಟು. ಆ ಹುಡುಗಿ ನಸುಕಿನಲ್ಲಿ ಎದ್ದು ತಾಯಿಗೆ ಹಿಟ್ಟು ನಾದಿಕೊಟ್ಟು, ಉಳಿದ ಹೊತ್ತಿನಲ್ಲಿ ಓಡುತ್ತಿದ್ದಳು. ಕಾಲಲ್ಲಿ ಶಾಲೆಯ ಬೂಟು.

ನಾವಿಬ್ಬರೂ ಏದುಸಿರು ಬಿಡುತ್ತ ಎರಡು ಕಿಲೋಮೀಟರ್ ದಾಟಿರಲಿಲ್ಲ, ಹುಡುಗಿಯರು ಆಗಲೇ ತಿರುಗಿ ನಮ್ಮ ಎದುರಿಗೆ ಬರುತ್ತಿದ್ದರು. ಗೆಳತಿಯ ಮಗಳು ಐವತ್ತು ಹೆಜ್ಜೆ ಮುಂದಿದ್ದಳು. ನಮ್ಮ ಕಣ್ಣೆದುರೇ ಅವಳ ಬೂಟಿನ ಅಟ್ಟೆ ಕಿತ್ತು ಬಾಯಿ ಬಿಟ್ಟಿತು. ಮುಗ್ಗರಿಸಿದಳು, ಕೂತಳು, ಬೂಟು ಬಿಚ್ಚತೊಡಗಿದಳು. ನನ್ನ ಮಗಳು ಅವಳನ್ನು ದಾಟಿ ಹೋದಳು.

ನನಗೆ ಸಂತೋಷವಾಯಿತು. ಅಯ್ಯೋ ಅನ್ನುವುದಕ್ಕಿಂತ ಮೊದಲೇ ಆಯಿತು. ಪಕ್ಕದಲ್ಲಿದ್ದ ಗೆಳತಿ ಏನು ಮಾಡಿದಳು ಗೊತ್ತೇ? ಚಪ್ಪಾಳೆ ತಟ್ಟಿ ನನ್ನ ಮಗಳಿಗೆ "ಓಡವ್ವ, ಓಡು, ನಿಲ್ಲಬ್ಯಾಡ" ಎಂದು ಕೂಗಿದಳು. ಆಮೇಲೆ ತನ್ನ ಮಗಳ ಕಡೆ ಓಡಿದಳು.

ಮುದಿತಾ ಅಂದರೆ ಪರರ ಏಳಿಗೆ ಕಂಡು ಹಿಗ್ಗುವುದು. ಅವತ್ತು ನನ್ನ ಪಕ್ಕದಲ್ಲೇ ಅದು ಓಡುತ್ತಿತ್ತು.

ಮನೆಗೆ ಬಂದು ನನ್ನನ್ನೇ ಸಮಾಧಾನ ಮಾಡಿಕೊಂಡೆ. ಭಗವಾನರು ಚೇತನವನ್ನೇ ಕರ್ಮ ಎಂದಿದ್ದಾರೆ. ಆ ಸಂತೋಷ ನಾನು ಬೇಕೆಂದು ತಂದುಕೊಂಡದ್ದಲ್ಲ, ತಾನಾಗಿ ಬಂತು, ಹೋಯಿತು. ಅದರ ದೋಷ ನನಗೇಕೆ? ವಾದ ಸರಿಯಾಗೇ ಇದೆ, ಈಗಲೂ ಸರಿ ಅನ್ನಿಸುತ್ತದೆ. ಆದರೆ ಆ ವಾದದ ಹಿಂದೆ ಇನ್ನೊಂದು ವಿಷಯ ಅಡಗಿಸಿದ್ದೆ.

ಓಟಕ್ಕೆ ಎರಡು ವಾರ ಮೊದಲು ಭಾನುವಾರದ ವಂದನೆ ಮುಗಿಸಿ ವಿಹಾರದ ಹೊರಗೆ ಚಪ್ಪಲಿ ಹುಡುಕುವಾಗ ಆ ಬೂಟು ಕಂಡಿತ್ತು. ಅಟ್ಟೆ ಆಗಲೇ ಬಿಟ್ಟಿತ್ತು. "ಗೋಂದು ಹಚ್ಚಿದ್ರ ನಡೀತದ ಅಕ್ಕ" ಎಂದಿದ್ದಳು ಗೆಳತಿ. ನಮ್ಮ ಮನೆಯಲ್ಲಿ ಮಂಚದ ಕೆಳಗೆ ಮಗಳ ಹಿಂದಿನ ಬೂಟು ಇತ್ತು. ಗಟ್ಟಿಯಾಗಿತ್ತು, ಇಬ್ಬರದೂ ಒಂದೇ ಅಳತೆ. ನನಗೆ ಅಲ್ಲೇ ನೆನಪಾಯಿತು. ಕೊಡಲಿಲ್ಲ.

ಯಾಕೆ ಕೊಡಲಿಲ್ಲ ಎಂಬುದಕ್ಕೆ ದೊಡ್ಡ ಕಾರಣ ಇಟ್ಟುಕೊಂಡಿದ್ದೆ. 1927ರಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ನಮ್ಮ ಜನಕ್ಕೆ ಎಂಜಲು ಬಿಡಿ, ಸತ್ತ ದನದ ಮಾಂಸ ಬಿಡಿ ಎಂದರು. ಊರವರು ಉಟ್ಟು ಬಿಟ್ಟ ಬಟ್ಟೆಯಲ್ಲಿ ನಮ್ಮ ಅಜ್ಜ ಅಜ್ಜಿಯರ ಜೀವನ ಕಳೆದುಹೋಯಿತು. ಹಾಗಿರುವಾಗ ಹಾಕಿ ಬಿಟ್ಟ ಬೂಟನ್ನು ನಮ್ಮವಳಿಗೇ ಹೇಗೆ ಕೊಡುವುದು, ಅವಮಾನವಲ್ಲವೇ? ಇದು ಅರ್ಧ ನಿಜ. ಉಳಿದ ಅರ್ಧ ಏನೆಂದರೆ, ನನ್ನ ಅಕ್ಕನ ಮಗಳಿಗಾಗಿದ್ದರೆ ಅದೇ ಬೂಟನ್ನು ಎರಡನೇ ಯೋಚನೆ ಇಲ್ಲದೆ ಕೊಡುತ್ತಿದ್ದೆ. ಓಟ ಮುಗಿಯಲಿ, ಆಮೇಲೆ ನೋಡೋಣ ಎಂದು ಒಳಗೆ ಯಾರೋ ಹೇಳಿದರು. ಆ ಯಾರೋ ನಾನೇ. ಚೇತನ ಅಂದರೆ ಅದು. ಓಟದ ದಿನದ ಸಂತೋಷ ಅದರ ಬಡ್ಡಿ ಅಷ್ಟೇ.

'ಜಾತಿ ವಿನಾಶ'ದಲ್ಲಿ ಬಾಬಾಸಾಹೇಬರು ಸಮಾನತೆಯನ್ನು ಓಟಕ್ಕೇ ಹೋಲಿಸುತ್ತಾರೆ. ಒಳ್ಳೆಯ ಹುಟ್ಟು, ವಿದ್ಯೆ, ಮನೆತನ, ಪಿತ್ರಾರ್ಜಿತ ಇದ್ದವರೇ ಓಟದಲ್ಲಿ ಆಯ್ಕೆಯಾಗುತ್ತಾರೆ, ಅದು ಸಾಮರ್ಥ್ಯದ ಆಯ್ಕೆ ಆಗುವುದಿಲ್ಲ ಎನ್ನುತ್ತಾರೆ. 1936ರ ಆ ಭಾಗವನ್ನು ನಮ್ಮ ಅಧ್ಯಯನ ವೃತ್ತದಲ್ಲಿ ಎಷ್ಟು ಸಲ ಓದಿದ್ದೇವೆ! ಓದುವಾಗಲೆಲ್ಲ ಹಿಂದೆ ತಳ್ಳಿಸಿಕೊಂಡವರ ಸಾಲಿನಲ್ಲೇ ನಾನು ನಿಂತಿರುತ್ತಿದ್ದೆ. ಶಿಕ್ಷಕಿ ಕೆಲಸ, ತಿಂಗಳ ಸಂಬಳ, ಸ್ವಂತ ಮನೆ ಬಂದ ಮೇಲೂ ಅಲ್ಲೇ. ನಮ್ಮ ಓಣಿಯ ಗೆರೆಯಲ್ಲಿ ಎಲ್ಲರ ಕಾಲೂ ಒಂದೇ ಕಡೆ ಇತ್ತು, ನೀಲಿ ಬಾವುಟವೂ ಒಂದೇ. ಬೂಟು ಮಾತ್ರ ಬೇರೆ.

ನನ್ನ ಮಗಳು ಮೊದಲು ಬಂದಳು. ಗೆಳತಿಯ ಮಗಳು ಎರಡೂ ಬೂಟು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಓಡಿ ಮೂರನೆಯವಳಾದಳು. ಎಲ್ಲರೂ ಕೂತು ಸುಸಲಾ, ಮಿರ್ಚಿ ಭಜಿ ತಿಂದೆವು. ಫೋಟೋ ತೆಗೆಸಿಕೊಂಡೆವು. ಆ ಫೋಟೋ ಈ ಗುಂಪಿನಲ್ಲೇ ಬಂದಿದೆ, ನೀವೂ ನೋಡಿರುತ್ತೀರಿ.

ಮೊನ್ನೆ ಭಾನುವಾರ ವಂದನೆ ಮುಗಿದ ಮೇಲೆ ಗೆಳತಿಯನ್ನು ಪಕ್ಕಕ್ಕೆ ಕರೆದು ಎಲ್ಲ ಹೇಳಿದೆ. ಮಂಚದ ಕೆಳಗಿನ ಬೂಟು, ಆ ಸಂತೋಷ, ಎರಡನ್ನೂ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಗೊತ್ತಿತ್ತಕ್ಕ," ಎಂದಳು. "ರೊಟ್ಟಿ ಕೊಡಾಕ ಬಂದಾಗ ಪಲ್ಲಂಗದ ಕೆಳಗ ನೋಡಿದ್ದೆ. ಕೇಳಬೇಕಂತ ಎರಡ ಸಲ ಬಾಯಿಗೆ ಬಂತು. ನೀವೇ ಕೊಡ್ತೀರಿ ಅನ್ಕೊಂಡು ಸುಮ್ನಾದೆ."

ಜೈ ಭೀಮ್. ನಮೋ ಬುದ್ಧಾಯ.